ಜಯಚಾಮರಾಜ ಒಡೆಯರೂ ವಾದ್ಯವೃಂದವೂ

ಮೈಸೂರು ಸಂಸ್ಥಾನದ ಕೊನೆಯ ಅರಸರಾದ ಶ್ರೀ ಜಯಚಾಮರಾಜ ಒಡೆಯರ ಹೆಸರನ್ನು ಕೇಳದ ಕನ್ನಡಿಗರು ವಿರಳ. ದಸರಾ ಮೆರವಣಿಗೆಯಲ್ಲಿ ಅಂಬಾರಿಯೇರಿ ಕುಳಿತ ಅವರ ಚಿತ್ರವನ್ನು ನೋಡದವರೂ ವಿರಳವೇ. ಅವರು ಪಂಡಿತರೆಂದೂ ವೇದಾಂತದಲ್ಲಿ ಆಸಕ್ತರೆಂದೂ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರೆಂದೂ ನಾವು ಓದಿದ್ದೇವೆ. ಆದರೆ ಸಾವಿರಾರು ಮೈಲಿ ದೂರದ ಲಂಡನ್ ನಗರದಲ್ಲಿ ಒಂದು ದೊಡ್ಡ ವಾದ್ಯವೃಂದಕ್ಕೆ ಅವರು ಆಸರೆಯಾಗಿ ನಿಂತರೆಂಬುದೂ, ತಾರುಣ್ಯದಲ್ಲಿ ತಾವೇ ಪಿಯಾನೋ ವಾದಕರಾಗಬೇಕೆಂದು ಹಂಬಲಿಸಿದ್ದರೆಂಬುದೂ ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರ ಬಾಳಿನ ಈ ಒಂದು ಮುಖವನ್ನು ನನಗೆ ತಿಳಿದಮಟ್ಟಿಗೆ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಒಡೆಯರು ಹುಟ್ಟಿದ್ದು ೧೯೧೯ನೆಯ ಇಸವಿ ಜುಲೈ ೧೮ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ಅವರಿಗೆ ಇವರೊಬ್ಬರೇ ಗಂಡುಮಗ. ಆಗ ಸಿಂಹಾಸನದಲ್ಲಿದ್ದವರು ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರು. ನಾಲ್ವಡಿಯವರ ಅರಮನೆಯೆಂದರೆ ಸಂಗೀತಗಾರರಿಗೆ ತವರುಮನೆ. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರು ಮೊದಲಾದ ಘನವಿದ್ವಾಂಸರು ಆ ಆಸ್ಥಾನವನ್ನು ಬೆಳಗಿದರು. ಅದೇ ಅರಮನೆಯಲ್ಲಿ ಪಾಶ್ಚಾತ್ಯ ಪದ್ಧತಿಯ ಬ್ಯಾಂಡೂ ಇತ್ತು. ಜರ್ಮನಿಯ ಆಟ್ಟೊ ಷ್ಮಿಟ್ ಎಂಬವರು ಅದನ್ನು ನಡೆಸುತ್ತಿದ್ದರು. ನಾಲ್ವಡಿಯವರು ಸ್ವತಃ ವೀಣೆ, ಪಿಟೀಲು, ಕೊಳಲು, ಪಿಯಾನೋ ಮುಂತಾದ ಹಲವು ವಾದ್ಯಗಳನ್ನು ಕಲಿತು ನುಡಿಸಬಲ್ಲವರಾಗಿದ್ದರು. ಹೀಗಾಗಿ ಬಾಲಕ ಜಯಚಾಮರಾಜರಿಗೆ ವೀಣೆಯೊಂದು ಲೋಕ, ಪಿಯಾನೋ ಮತ್ತೊಂದು ಲೋಕ ಎಂಬ ಭೇದಭಾವ ಹುಟ್ಟಲು ಅವಕಾಶವೇ ಇರಲಿಲ್ಲ. ಒಂದೇ ಅರಮನೆಯ ಎರಡು ತೊಟ್ಟಿಗಳಲ್ಲಿ ಎರಡೂ ನುಡಿಯುತ್ತಿದ್ದುವು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳುವುದು ಅವಶ್ಯ. ನಾನು ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯವನು. ನಮ್ಮ ಸೀಮೆಯಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ವೇದಿಕೆ ಹಾಕಿ, ಕೀಬೋರ್ಡು, ರಿದಂ ಪ್ಯಾಡು ಇಟ್ಟುಕೊಂಡು ಚಲಚ್ಚಿತ್ರಗೀತೆ ಹಾಡುವ ತಂಡ. ಒಡೆಯರು ಮನಸೋತ ಆರ್ಕೆಸ್ಟ್ರಾ ಬೇರೆಯದು. ಅದರಲ್ಲಿ ಎಂಬತ್ತು ತೊಂಬತ್ತು ಮಂದಿ ವಾದಕರು ಅರ್ಧಚಂದ್ರಾಕಾರವಾಗಿ ಕುಳಿತಿರುತ್ತಾರೆ. ಒಬ್ಬೊಬ್ಬರ ಮುಂದೆಯೂ ಬರೆದ ಸ್ವರಗಳ ಹಾಳೆ. ಎಲ್ಲರ ಮುಂದೆ ಕೈಯಲ್ಲಿ ಸಣ್ಣ ಕಡ್ಡಿ ಹಿಡಿದು ನಿಂತ ನಿರ್ದೇಶಕ. ನಮ್ಮ ಕಚೇರಿಯಲ್ಲಿ ಪಿಟೀಲು ಗಾಯಕರನ್ನು ಹಿಂಬಾಲಿಸುತ್ತದೆ. ಇಬ್ಬರದೂ ಒಂದೇ ದಾರಿ. ಅಲ್ಲಿ ಹಾಗಲ್ಲ. ಒಂದೇ ಕ್ಷಣದಲ್ಲಿ ಒಂದೊಂದು ವಾದ್ಯವೂ ಒಂದೊಂದು ಸ್ವರವನ್ನು ಹಿಡಿದಿರಬಹುದು. ಎಲ್ಲ ಸೇರಿ ಒಂದು ನಾದವಾಗುತ್ತದೆ. ಆದ್ದರಿಂದಲೇ ಹೊಸದಾಗಿ ಕೇಳುವವರಿಗೆ ಅದು ಸಂತೆಯ ಗದ್ದಲದಂತೆ ತೋರಿದರೆ ಆಶ್ಚರ್ಯವಿಲ್ಲ. ಸಂತೆಯಲ್ಲಿ ಪರಿಚಿತರ ದನಿಯನ್ನು ಹೇಗೆ ಆರಿಸಿ ಗುರುತಿಸುತ್ತೇವೆಯೋ ಹಾಗೆ ಒಂದೊಂದೇ ವಾದ್ಯವನ್ನು ಗುರುತಿಸುತ್ತ ಹೋಗಬೇಕು.

ಈ ವಾದ್ಯಗಳಲ್ಲಿ ನಾಲ್ಕು ಮನೆತನಗಳುಂಟು. ಮೊದಲನೆಯದು ತಂತಿವಾದ್ಯಗಳದು. ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ವಿಯೋಲಾ, ಕಾಲುಗಳ ನಡುವೆ ಇಟ್ಟುಕೊಂಡು ನುಡಿಸುವ ಚೆಲ್ಲೋ, ಆಳೆತ್ತರದ ಡಬಲ್ ಬಾಸ್, ಇವು ಒಂದೇ ತಾಯಿಯ ಮಕ್ಕಳು. ಮೈ ದೊಡ್ಡದಾದಂತೆಲ್ಲ ದನಿ ಕೆಳಗಿಳಿಯುತ್ತದೆ. ಎರಡನೆಯದು ಮರದ ಸುಷಿರವಾದ್ಯಗಳದು: ಕೊಳಲು, ಓಬೋ, ಕ್ಲಾರಿನೆಟ್, ಬಸೂನ್. ಈ ಕಾಲದ ಕೊಳಲನ್ನು ಲೋಹದಲ್ಲಿ ಮಾಡಿದರೂ ಅದರ ಕುಲ ಮಾತ್ರ ಮರದ್ದೇ. ಮೂರನೆಯದು ಹಿತ್ತಾಳೆಯದು: ಹಾರ್ನ್, ಟ್ರಂಪೆಟ್, ಟ್ರೊಂಬೋನ್, ಟ್ಯೂಬಾ. ನಾಲ್ಕನೆಯದು ಚರ್ಮವಾದ್ಯಗಳೂ ತಾಳಗಳೂ ಸೇರಿದ ಬಡಿಯುವ ವಾದ್ಯಗಳದು.

ಹೆಸರುಗಳು ಪರದೇಶದವು, ಆದರೆ ಈ ಮನೆತನಗಳ ಬಂಧುಗಳು ನಮ್ಮ ಹಳ್ಳಿಗಳಲ್ಲಿಯೇ ಇದ್ದಾರೆ. ಮದುವೆಯ ಓಲಗದಲ್ಲಿ ಊದುವ ನಾಗಸ್ವರಕ್ಕೆ ಸೀವಾಳಿ ಕಟ್ಟುತ್ತಾರಷ್ಟೆ. ಎರಡು ಎಳೆಗಳ ನಡುವೆ ಉಸಿರು ನುಗ್ಗಿ ಅದು ನುಡಿಯುತ್ತದೆ. ಓಬೋ ನುಡಿಯುವ ಬಗೆಯೂ ಅದೇ. ಕಚೇರಿ ಆರಂಭವಾಗುವ ಮುನ್ನ ಇಡೀ ವೃಂದ ಶ್ರುತಿ ಹೊಂದಿಸಿಕೊಳ್ಳುವುದು ಈ ಓಬೋ ಹಿಡಿದ ಒಂದು ಸ್ವರಕ್ಕೆ. ಹಾರ್ನಿನ ಪೂರ್ವಜರನ್ನು ನೋಡಬೇಕೆಂದರೆ ದೇವರ ಉತ್ಸವದಲ್ಲಿ ಮುಂದೆ ಹೋಗುವ ಕೊಂಬು ಕಹಳೆಗಳನ್ನು ನೋಡಿದರೆ ಸಾಕು. ವೃಂದದ ಹಿಂದೆ ಜೋಡಿಯಾಗಿ ಕುಳಿತ ಟಿಂಪನಿಯಂತೂ ನಮ್ಮ ದೇವಸ್ಥಾನದ ನಗಾರಿಗೆ ಹತ್ತಿರದ ನೆಂಟ. ಅರಬ್ಬರ ಮೂಲಕ ಈ ಜಾತಿಯ ಭೇರಿ ಯೂರೋಪಿಗೆ ಹೋಯಿತೆಂದು ತಿಳಿದವರು ಹೇಳುತ್ತಾರೆ. ಅತ್ತಲಿಂದ ಪಿಟೀಲು ನಮ್ಮಲ್ಲಿಗೆ ಬಂದಿತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು, ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿ ತಮ್ಮದನ್ನಾಗಿ ಮಾಡಿಕೊಂಡರು. ಕೊಟ್ಟುಕೊಳ್ಳುವ ಈ ಬಳಕೆ ಹಳೆಯದು. ಒಡೆಯರು ಮಾಡಿದ್ದೂ ಅದರ ಮುಂದುವರಿಕೆಯೇ ಎಂದು ನಾನು ಭಾವಿಸುತ್ತೇನೆ.

ಒಡೆಯರ ಕೈಗೆ ಮೊದಲು ಒಲಿದದ್ದು ಪಿಯಾನೋ. ಈ ವಾದ್ಯ ಸಾಮಾನ್ಯವಾಗಿ ವೃಂದದ ನಡುವೆ ಕೂಡುವುದಲ್ಲ. ವೃಂದಕ್ಕೆ ಎದುರಾಗಿ ನಿಲ್ಲುವಂಥದು. ಎಂಬತ್ತೆಂಟು ಮನೆಗಳಿರುವ ಅದರಲ್ಲಿ ಹತ್ತು ಬೆರಳಿನಿಂದ ಹತ್ತು ಸ್ವರಗಳನ್ನು ಏಕಕಾಲಕ್ಕೆ ನುಡಿಸಬಹುದು. ಆದುದರಿಂದ ದೊಡ್ಡ ವೃಂದಕ್ಕಾಗಿ ಬರೆದ ಕೃತಿಯನ್ನು ಸಂಗ್ರಹಿಸಿ ಪಿಯಾನೋದ ಮೇಲೆ ನುಡಿಸಿ ನೋಡುವ ಪದ್ಧತಿಯೂ ಉಂಟು. ಪಿಯಾನೋ ಕಲಿತವನಿಗೆ ಇಡೀ ವಾದ್ಯವೃಂದದ ಕಟ್ಟಡದ ನಕ್ಷೆ ಕೈಗೆ ಸಿಕ್ಕಂತೆ. ಯುವರಾಜಕುಮಾರರು ಈ ವಿದ್ಯೆಯಲ್ಲಿ ಬಹುದೂರ ಮುಂದುವರಿದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಗಳಿಸಿದರು; ಮುಂದೆ ೧೯೪೫ರಲ್ಲಿ ಅಲ್ಲಿನ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋ ಎಂಬ ಮನ್ನಣೆ ನೀಡಿತು. ೧೯೩೮ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಪದಕಗಳೊಂದಿಗೆ ಪದವೀಧರರಾಗಿ ಹೊರಬಂದ ಅವರು ೧೯೩೯ರಲ್ಲಿ ಯೂರೋಪಿನ ಪ್ರವಾಸ ಕೈಗೊಂಡರು. ಪಿಯಾನೋ ವಾದನವನ್ನೇ ಬಾಳಿನ ಸಾಧನೆಯಾಗಿ ಮಾಡಿಕೊಳ್ಳಬೇಕೆಂಬ ಆಸೆ ಅವರ ಮನಸ್ಸಿನಲ್ಲಿತ್ತು.

ವಿಧಿಯ ಸಂಕಲ್ಪ ಬೇರೆಯಿತ್ತು. ೧೯೪೦ರ ಮಾರ್ಚ್ ೧೧ರಂದು ತಂದೆ ಯುವರಾಜರು ಮುಂಬಯಿಯಲ್ಲಿ ತೀರಿಕೊಂಡರು. ಐದು ತಿಂಗಳು ತುಂಬುವುದರೊಳಗೆ, ಆಗಸ್ಟ್ ೩ರಂದು, ನಾಲ್ವಡಿಯವರೂ ಕಾಲವಾದರು. ನಾಲ್ವಡಿಯವರಿಗೆ ಮಕ್ಕಳಿರಲಿಲ್ಲ. ಸೆಪ್ಟೆಂಬರ್ ೮ರಂದು ಇಪ್ಪತ್ತೊಂದು ವರ್ಷದ ತರುಣ ಸಿಂಹಾಸನವೇರಬೇಕಾಯಿತು. ಪಿಯಾನೋ ವಾದಕನಾಗುವವನು ದಿನಕ್ಕೆ ಆರೆಂಟು ಗಂಟೆ ಕೂತು ಸಾಧನೆ ಮಾಡಬೇಕು. ದರ್ಬಾರು, ದಿವಾನರು, ಮಹಾಯುದ್ಧ, ಜವಾಬ್ದಾರಿ ಸರ್ಕಾರಕ್ಕಾಗಿ ಪ್ರಜೆಗಳ ಹೋರಾಟ, ಇವುಗಳ ನಡುವೆ ಆ ಗಂಟೆಗಳು ಎಲ್ಲಿಂದ ಬರಬೇಕು? ಹೊರಗಿನಿಂದ ನೋಡಿದವರಿಗೆ ರಾಜ್ಯ ದೊರೆತದ್ದು ಭಾಗ್ಯ. ಆದರೆ ಅದೇ ದಿನ ಒಬ್ಬ ವಾದಕ ಹುಟ್ಟುವ ಮುನ್ನವೇ ಇಲ್ಲವಾದನೆಂಬುದನ್ನೂ ನಾವು ನೆನೆಯಬೇಕು.

ಕೈಗೆ ದಕ್ಕದ್ದನ್ನು ಒಡೆಯರು ಕಿವಿಯಿಂದ ಪಡೆಯಲೆಳಸಿದರು. ಗ್ರಾಮಫೋನ್ ತಟ್ಟೆಗಳನ್ನು ತರಿಸತೊಡಗಿದರು. ಆ ಸಂಗ್ರಹ ಸುಮಾರು ೨೦,೦೦೦ ತಟ್ಟೆಗಳವರೆಗೆ ಬೆಳೆಯಿತು. ಆಗಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ನಾಲ್ಕೈದು ನಿಮಿಷದ ಸಂಗೀತ ಮಾತ್ರ ಹಿಡಿಯುತ್ತಿತ್ತು. ಒಂದು ದೊಡ್ಡ ಕೃತಿಯನ್ನು ಕೇಳಿ ಮುಗಿಸಬೇಕಾದರೆ ಹತ್ತು ಬಾರಿ ಎದ್ದು ತಟ್ಟೆ ತಿರುಗಿಸಬೇಕಾಗಿತ್ತು. ಇಂಥ ಕೇಳ್ಮೆ ಕಾಲ ಕಳೆಯುವ ವಿನೋದವಲ್ಲ, ಒಂದು ಬಗೆಯ ಅಭ್ಯಾಸವೇ ಸರಿ.

ಹೀಗೆ ಕೇಳುತ್ತಿದ್ದಾಗ ಅವರ ಮನಸ್ಸನ್ನು ಹಿಡಿದ ಸಂಗೀತಗಾರರಲ್ಲಿ ನಿಕೊಲಾಯ್ ಮೆಟ್ನರ್ ಒಬ್ಬರು. ಮೆಟ್ನರ್ ೧೮೮೦ರಲ್ಲಿ ಮಾಸ್ಕೋದಲ್ಲಿ ಜನಿಸಿದ ರಷ್ಯನ್. ಪ್ರಖ್ಯಾತ ಸಂಗೀತಗಾರ ರಾಖ್ಮನಿನೋವರ ಆಪ್ತಮಿತ್ರ. ೧೯೨೧ರಲ್ಲಿ ತಾಯ್ನಾಡನ್ನು ಬಿಟ್ಟು, ಹಲವು ದೇಶಗಳಲ್ಲಿ ಅಲೆದು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದರು. ಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು, ಆರೋಗ್ಯವೂ ಕೆಟ್ಟಿತು. ಹೊಸ ರೀತಿಯ ಸಂಗೀತದ ಅಬ್ಬರದಲ್ಲಿ ಅವರನ್ನು ಕೇಳುವವರೂ ಕಡಮೆಯಾದರು. ಆ ಮುಪ್ಪಿನಲ್ಲಿ ನೆರವಿನ ಕೈ ಚಾಚಿದವರು ಮೈಸೂರಿನ ಮಹಾರಾಜರು. ಮೆಟ್ನರ್ ಸೊಸೈಟಿ ಎಂಬುದನ್ನು ಸ್ಥಾಪಿಸಿ, ಆ ವೃದ್ಧರು ತಮ್ಮ ಕೃತಿಗಳನ್ನು ತಾವೇ ನುಡಿಸಿ ತಟ್ಟೆಗೆ ಹಿಡಿಸುವಂತೆ ಏರ್ಪಾಟು ಮಾಡಿದರು. ಪಿಯಾನೋ ಒಂದು ಕಡೆ, ವೃಂದ ಒಂದು ಕಡೆ ನಿಂತು ಸಂವಾದ ನಡೆಸುವಂಥ ರಚನೆಗೆ ಕನ್ಚೆರ್ಟೊ ಎಂದು ಹೆಸರು. ಮೆಟ್ನರ್ ಬರೆದ ಇಂಥ ಮೂರು ಕನ್ಚೆರ್ಟೊಗಳೂ ೧೯೪೭ರಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದದೊಡನೆ ಅವರ ಕೈಯಿಂದಲೇ ಧ್ವನಿಮುದ್ರಿತವಾದುವು. ಮೂರನೆಯದನ್ನು ಅವರು ಕೃತಜ್ಞತೆಯಿಂದ ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. ೧೯೫೧ರಲ್ಲಿ ಮೆಟ್ನರ್ ತೀರಿಕೊಂಡರು. ಇನ್ನು ನಾಲ್ಕು ವರ್ಷ ತಡವಾಗಿದ್ದಿದ್ದರೆ ಆ ಕೈಯ ನಾದ ಅದರೊಂದಿಗೇ ಮಣ್ಣಾಗುತ್ತಿತ್ತು.

ಈ ಫಿಲ್ಹಾರ್ಮೋನಿಯಾ ವೃಂದವನ್ನು ೧೯೪೫ರಲ್ಲಿ ಕಟ್ಟಿದವರು ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣ ತಜ್ಞರು. ೧೯೪೮ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಒಡೆಯರೇ ಮೊದಲ ಅಧ್ಯಕ್ಷರಾದರು. ೧೯೪೯ರಲ್ಲಿ ಲೆಗ್ ಮೈಸೂರಿಗೆ ಬಂದರು. ಅರಮನೆಯಲ್ಲಿದ್ದ ತಟ್ಟೆಗಳ ಭಂಡಾರವನ್ನೂ ದೊಡ್ಡ ಪಿಯಾನೋಗಳನ್ನೂ ಕಂಡು ಬೆರಗಾದರು. ಆಮೇಲೆ ಒಡೆಯರು ಆ ವೃಂದಕ್ಕೆ ವರ್ಷಕ್ಕೆ ೧೦,೦೦೦ ಪೌಂಡಿನಂತೆ ಮೂರು ವರ್ಷ ಧನಸಹಾಯ ಮಾಡಲು ಒಪ್ಪಿದರು. ಅಂದಿನ ವಿನಿಮಯದ ಪ್ರಕಾರ ಇದು ವರ್ಷಕ್ಕೆ ಸುಮಾರು ೧,೩೩,೦೦೦ ರೂಪಾಯಿ. ಯುದ್ಧದಿಂದ ಸೊರಗಿದ್ದ ಲಂಡನ್ನಿನಲ್ಲಿ ಹೊಸ ವೃಂದವೊಂದು ತಲೆಯೆತ್ತಿ ನಿಲ್ಲಲು, ಉತ್ತಮ ವಾದಕರನ್ನೂ ಕಾರಯಾನ್‌ರಂಥ ನಿರ್ದೇಶಕರನ್ನೂ ಕರೆತರಲು ಈ ಹಣ ಒದಗಿತು. ಆ ವೃಂದ ಇಂದಿಗೂ ಲಂಡನ್ನಿನಲ್ಲಿ ಕಚೇರಿ ನಡೆಸುತ್ತಿದೆ.

ಒಂದು ಕಚೇರಿಯ ವಿಚಾರವನ್ನು ಹೇಳಲೇಬೇಕು. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ತಮ್ಮ ಎಂಬತ್ತಮೂರು ಎಂಬತ್ತನಾಲ್ಕರ ವಯಸ್ಸಿನಲ್ಲಿ ಹೆಣ್ಣುಕಂಠಕ್ಕೂ ವಾದ್ಯವೃಂದಕ್ಕೂ ನಾಲ್ಕು ಗೀತೆಗಳನ್ನು ಬರೆದು, ಅವನ್ನು ಕೇಳುವ ಮೊದಲೇ ೧೯೪೯ರಲ್ಲಿ ಕಣ್ಮುಚ್ಚಿದ್ದರು. ೧೯೫೦ರ ಮೇ ೨೨ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಆ ಗೀತೆಗಳ ಪ್ರಥಮ ಪ್ರದರ್ಶನ ನಡೆಯಿತು. ಹಾಡಿದವರು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ನಡೆಸಿದವರು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್ಹಾರ್ಮೋನಿಯಾ. ಕಚೇರಿಗೆ ೪,೮೦೦ ಡಾಲರುಗಳ ಹೊಣೆ ಹೊತ್ತವರು ನಮ್ಮ ಮಹಾರಾಜರು. ಅವರಿಗೆ ಹೋಗಲಾಗಲಿಲ್ಲ, ಗೀತೆಗಳನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದು ಏರ್ಪಾಟಾಗಿತ್ತು.

ವಾದ್ಯಗಳನ್ನು ಕಲಿಯಬಯಸುವವರಿಗೆ ಈ ನಾಲ್ಕು ಗೀತೆಗಳಷ್ಟು ಒಳ್ಳೆಯ ಪಾಠ ನನಗೆ ಬೇರೆ ದೊರೆತಿಲ್ಲ. ಶರತ್ಕಾಲದ ತೋಟವನ್ನು ಕುರಿತ ಗೀತೆಯ ಕೊನೆಯಲ್ಲಿ ಹಾಡು ನಿಂತಮೇಲೆ ಒಂಟಿ ಹಾರ್ನ್ ಮೆಲ್ಲನೆ ನುಡಿಯುತ್ತದೆ. ಸ್ಟ್ರಾಸರ ತಂದೆ ಮ್ಯೂನಿಕ್ಕಿನ ಆಸ್ಥಾನ ವೃಂದದಲ್ಲಿ ಹಾರ್ನ್ ವಾದಕರಾಗಿದ್ದವರು. ಮುದುಕನಾದ ಮಗ ತಂದೆಯನ್ನು ನೆನೆದಂತೆ ಅದು ಕೇಳುತ್ತದೆ. ನಿದ್ರೆಯನ್ನು ಕುರಿತ ಗೀತೆಯ ನಡುವೆ ಒಂದೇ ಪಿಟೀಲು ಎದ್ದು ಹಾರಾಡುತ್ತದೆ. ಸಂಜೆಗೆಂಪನ್ನು ಕುರಿತ ಗೀತೆಯಲ್ಲಿ ಬಾನಾಡಿಗಳೆರಡು ಮೇಲೇರುವುದನ್ನು ಕೊಳಲುಗಳು ಉಲಿದು ತೋರಿಸುತ್ತವೆ. ಭಾಷೆ ತಿಳಿಯದಿದ್ದರೂ ಹಾರ್ನ್ ಯಾವುದು, ಪಿಟೀಲು ಯಾವುದು, ಕೊಳಲು ಯಾವುದು ಎಂಬುದು ಕಿವಿಗೆ ಹತ್ತದೆ ಹೋಗದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಲಂಡನ್ನಿಗೆ ಹೋದ ಆ ಹಣ ಯಾರದು? ೧೯೪೭ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಮೇಲೆ ರಾಜ್ಯದ ಬೊಕ್ಕಸ ಬೇರೆ, ಅರಸರ ಖಾಸಗಿ ಹಣ ಬೇರೆ ಎಂಬುದೇನೋ ನಿಜ. ಆದರೆ ಆ ಖಾಸಗಿ ಹಣದ ಬೇರು ಎಲ್ಲಿತ್ತು? ಮಧುಗಿರಿ, ಸಿರಾ, ಪಾವಗಡ, ಕೊರಟಗೆರೆಗಳಂಥ ಬಯಲುಸೀಮೆಯಲ್ಲಿ ಮಳೆಯನ್ನೇ ನಂಬಿ ರಾಗಿ ಬಿತ್ತಿ ಕಂದಾಯ ಕಟ್ಟಿದ ರೈತರ ಬೆವರೂ ಅದರಲ್ಲಿತ್ತು. ಆ ರೈತರ ಊರುಗಳಲ್ಲಿಯೂ ವಾದ್ಯವೃಂದಗಳಿದ್ದುವು. ಹೊಳವನಹಳ್ಳಿಯ ಸುತ್ತಮುತ್ತ ಜಾತ್ರೆಗೆ ತಮಟೆ, ಅರೆ, ಡೋಲು ಒಟ್ಟುಗೂಡಿದಾಗ ಒಬ್ಬನ ಪೆಟ್ಟು ಇನ್ನೊಬ್ಬನ ಪೆಟ್ಟಿಗೆ ಹೆಣೆದುಕೊಳ್ಳುವ ಬಗೆ ಸಾಮಾನ್ಯ ವಿದ್ಯೆಯಲ್ಲ. ಅವರ ಮುಂದೆ ಬರೆದ ಹಾಳೆಯಿಲ್ಲ, ಕಡ್ಡಿ ಹಿಡಿದ ನಿರ್ದೇಶಕನಿಲ್ಲ. ಆ ಕಲೆಗಾರರನ್ನು ಊರು ತಲೆತಲಾಂತರದಿಂದ ಹೊರಗೇ ನಿಲ್ಲಿಸಿ ಬಾರಿಸಿಸಿಕೊಂಡಿತು. ಅವರ ಕೈಚಳಕ ಇಪ್ಪತ್ತು ಸಾವಿರದಲ್ಲಿ ಒಂದು ತಟ್ಟೆಯನ್ನಾದರೂ ಏರಿತೆಂದು ನಾನು ಕೇಳಿಲ್ಲ.

ಇದನ್ನು ಒಡೆಯರ ಮೇಲಿನ ದೂರಾಗಿ ನಾನು ಹೇಳುತ್ತಿಲ್ಲ. ಅವರ ಔದಾರ್ಯವೂ ನಿಜ, ಈ ಕೊರತೆಯೂ ನಿಜ. ಅರಸರಾದವರು ತಮ್ಮ ಕಿವಿಗೆ ಬಿದ್ದುದನ್ನು ಪೋಷಿಸಿದರು. ಹಳ್ಳಿಯ ವಾದ್ಯಗಳನ್ನು ದಿನವೂ ಕೇಳುತ್ತಿದ್ದವರು ಹಳ್ಳಿಯವರು. ಅದರ ಬೆಲೆಯನ್ನು ಅರಿಯಬೇಕಾದ ಹೊಣೆ ಅರಮನೆಗಿಂತ ನಮ್ಮ ಮೇಲೆ ಹೆಚ್ಚಾಗಿತ್ತಲ್ಲವೆ?

ಒಡೆಯರ ಉತ್ತರಜೀವನಕ್ಕೆ ಮರಳೋಣ. ಪಾಶ್ಚಾತ್ಯ ಸಂಗೀತದಲ್ಲಿ ಇಷ್ಟು ಮುಳುಗಿದವರು ದೇಶೀಯ ಸಂಗೀತಕ್ಕೆ ಎರವಾದರೆಂದು ತಿಳಿಯಬಾರದು. ವೀಣೆ ವೆಂಕಟಗಿರಿಯಪ್ಪನವರಲ್ಲಿ ಅವರು ವೀಣೆಯನ್ನು ಅಭ್ಯಾಸ ಮಾಡಿದರು. ವಾಸುದೇವಾಚಾರ್ಯರ ಮಾರ್ಗದರ್ಶನ ಪಡೆದರು. ದೇವಿಯ ಉಪಾಸಕರಾಗಿ ಶ್ರೀವಿದ್ಯಾ ಎಂಬ ಅಂಕಿತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. ಅವುಗಳಲ್ಲಿ ಅನೇಕವು ಅಪರೂಪದ ರಾಗಗಳಲ್ಲಿವೆ. ಗಂಭೀರನಾಟ ರಾಗದ ಶ್ರೀಜಾಲಂಧರ ಎಂಬ ಕೃತಿಯನ್ನು ವಿದ್ವಾಂಸರು ಇಂದಿಗೂ ಕಚೇರಿಗಳಲ್ಲಿ ಹಾಡುತ್ತಾರೆ. ಎಂಬತ್ತು ವಾದ್ಯಗಳನ್ನು ಬಿಡಿಬಿಡಿಯಾಗಿ ಕೇಳಿ ಪಳಗಿದ ಕಿವಿ ಒಂದೇ ರಾಗದ ಒಂದೊಂದು ಸ್ವರಕ್ಕೂ ಅದರದರ ಸ್ಥಾನವನ್ನು ಕೊಡಬಲ್ಲದಾಯಿತೆಂದು ನಾನು ಊಹಿಸುತ್ತೇನೆ.

ಸಂಸ್ಥಾನವು ಭಾರತದಲ್ಲಿ ವಿಲೀನವಾದ ಬಳಿಕ ಅವರು ರಾಜಪ್ರಮುಖರಾದರು. ೧೯೫೬ರಿಂದ ೧೯೬೪ರವರೆಗೆ ಮೈಸೂರಿನ, ಅನಂತರ ೧೯೬೬ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದರು. ೧೯೬೬ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ತನ್ನ ಫೆಲೋಷಿಪ್ ನೀಡಿ ಅವರನ್ನು ಗೌರವಿಸಿತು. ೧೯೭೧ರಲ್ಲಿ ರಾಜಧನ ರದ್ದಾಯಿತು. ೧೯೭೪ರ ಸೆಪ್ಟೆಂಬರ್ ೨೩ರಂದು ಬೆಂಗಳೂರಿನಲ್ಲಿ ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರು ಗತಿಸಿ ಅರ್ಧ ಶತಮಾನ ಕಳೆದಿದೆ. ರಾಜ್ಯ ಹೋಯಿತು, ರಾಜಧನ ಹೋಯಿತು. ಉಳಿದಿರುವುದು ತೊಂಬತ್ತನಾಲ್ಕು ಕೃತಿಗಳು, ಒಬ್ಬ ಬಡ ರಷ್ಯನ್ ಮುದುಕನ ಕೈಯ ನಾದ, ಮತ್ತು ದೂರದ ಊರಿನಲ್ಲಿ ಇಂದೂ ಶ್ರುತಿ ಹಿಡಿದು ಕೂರುವ ಒಂದು ವೃಂದ.

ಬಾಳಿನಲ್ಲಿ ತಾನು ಬಯಸಿದ ವಿದ್ಯೆ ಕೈಗೂಡದೆ ಹೋದವನು ಸಾಮಾನ್ಯವಾಗಿ ಅದರ ಕಡೆಗೆ ಬೆನ್ನು ತಿರುಗಿಸುತ್ತಾನೆ, ಇಲ್ಲವೇ ಕೈಗೂಡಿದವರನ್ನು ಕಂಡು ಕರುಬುತ್ತಾನೆ. ಒಡೆಯರು ಎರಡನ್ನೂ ಮಾಡಲಿಲ್ಲ. ತಾವು ನುಡಿಸಲಾಗದುದನ್ನು ಇನ್ನೊಬ್ಬರು ನುಡಿಸುವಂತೆ ಮಾಡಿ, ತಾವು ಕೇಳುವವರಾಗಿ ಉಳಿದರು. ಕೇಳುವುದೂ ಒಂದು ಸಾಧನೆ ಎಂಬುದನ್ನು ಅವರ ಬಾಳಿನಿಂದ ನಾನು ಕಲಿತಿದ್ದೇನೆ.

ಇಂದು ನಮ್ಮ ಜೇಬಿನಲ್ಲಿರುವ ಮೊಬೈಲಿನಲ್ಲಿ ಆ ಇಪ್ಪತ್ತು ಸಾವಿರ ತಟ್ಟೆಗಳಿಗಿಂತ ಹೆಚ್ಚಿನ ಸಂಗೀತ ಕಾಸಿಲ್ಲದೆ ದೊರೆಯುತ್ತದೆ. ಮೆಟ್ನರರ ಮೂರನೆಯ ಕನ್ಚೆರ್ಟೊವನ್ನು ಕೊರಟಗೆರೆಯ ಬಸ್ಸಿನಲ್ಲಿ ಕುಳಿತೂ ಕೇಳಬಹುದು. ಅದೇ ಮೊಬೈಲಿನಲ್ಲಿ ಧ್ವನಿಯನ್ನು ಹಿಡಿದಿಡುವ ಅನುಕೂಲವೂ ಇದೆ. ಬರುವ ಜಾತ್ರೆಯಲ್ಲಿ ನಮ್ಮ ನಮ್ಮ ಊರಿನ ತಮಟೆಯವರ, ಓಲಗದವರ ಹತ್ತಿರ ಹೋಗಿ, ಅವರ ಒಪ್ಪಿಗೆ ಪಡೆದು, ಅವರ ವಾದ್ಯದ ಒಂದೊಂದು ಭಾಗದ ಹೆಸರನ್ನೂ ಒಂದೊಂದು ಪೆಟ್ಟಿನ ಹೆಸರನ್ನೂ ಕೇಳಿ ಬರೆದುಕೊಂಡು, ಹತ್ತು ನಿಮಿಷ ಆ ನಾದವನ್ನು ಹಿಡಿದಿಟ್ಟುಕೊಂಡರೆ, ನಮ್ಮ ಪತ್ರಿಕೆಯ ಮುಂದಿನ ಸಂಚಿಕೆಗೆ ಅದಕ್ಕಿಂತ ಒಳ್ಳೆಯ ಲೇಖನ ಇನ್ನಾವುದಿದ್ದೀತು? ಆ ಕೆಲಸಕ್ಕೆ ಅರಸೊತ್ತಿಗೆ ಬೇಡ, ಕಿವಿಯೊಂದಿದ್ದರೆ ಸಾಕು.